ಯಾರೂ ಮಲಗದ ಮಂಚ

ಕೊಪ್ಪ
೧೯ ಫೆಬ್ರವರಿ ೧೯೮೪

ಪ್ರೀತಿಯ ತಂಗಿ ಖುರ್ಷಿದಾಗೆ,

ನಿನ್ನ ಅಣ್ಣ ಗುಲಾಮ್ ಹುಸೇನನ ಸಲಾಂ. ನಿನ್ನ ಯಜಮಾನರಿಗೂ ತಿಳಿಸು. ಮಕ್ಕಳಿಗೆ ನನ್ನ ಮುದ್ದು.

ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಉತ್ತರವಿಲ್ಲವೆಂದು ಬೈದುಕೊಂಡಿರುತ್ತೀ. ಬೈದುಕೋ, ತಪ್ಪಿಲ್ಲ. ಅಂಗಡಿಯಲ್ಲಿ ಪುರುಸೊತ್ತಿಲ್ಲ ಎಂದು ಒಂದು ಸಲ ಬರೆದು ಹರಿದುಹಾಕಿದೆ. ಹಳೆ ಕುರ್ಚಿ, ಹಳೆ ಹೊಲಿಗೆ ಮೆಷಿನ್ನು ಮಾರುವವನಿಗೆ ಎಂಥ ಪುರುಸೊತ್ತಿನ ಬರ? ದಿನವಿಡೀ ನೊಣ ಹೊಡೆಯುವುದೇ ನನ್ನ ಕಸುಬು ಎಂದು ನಿನಗೆ ಗೊತ್ತಿಲ್ಲದ್ದೇನಲ್ಲ.

ಇಲ್ಲಿ ಎಲ್ಲರೂ ಕ್ಷೇಮ. ಅಮ್ಮಿಯ ಸೊಂಟ ಹಾಗೇ ಇದೆ. ಬಿದ್ದು ಮುರಿದುಕೊಂಡ ಮೇಲೆ ಒರಗಿಕೊಂಡು ಸ್ವಲ್ಪ ಹೊತ್ತು ಕೂರುತ್ತಾಳೆ, ಅಷ್ಟೇ. ಬಾಯಿ ಮಾತ್ರ ಮೊದಲಿಗಿಂತ ಜೋರು. ನಿನ್ನ ಅತ್ತಿಗೆ ಸಯೀದಾ ಗಂಜಿಗೆ ಉಪ್ಪು ಕಮ್ಮಿ ಹಾಕಿದರೆ ಬಸ್ ಸ್ಟ್ಯಾಂಡಿನವರೆಗೂ ಸುದ್ದಿ ಹೋಗುತ್ತದೆ.

ನಿನ್ನ ಕಾಗದವನ್ನು ಸಯೀದಾ ಎಲ್ಲರ ಎದುರು ಗಟ್ಟಿಯಾಗಿ ಓದಿದಳು. ‘ಅಮ್ಮಿಯನ್ನು ರಾಣಿಯ ಹಾಗೆ ಮಂಚದ ಮೇಲೆ ಮಲಗಿಸಿಕೊಂಡು ನರಸಿಂಹರಾಜಪುರಕ್ಕೆ ಕರೆದುಕೊಂಡು ಹೋದೆಯಂತೆ. ಇಂಥ ಅಣ್ಣ ನನಗಿದ್ದಾನೆಂದು ಅತ್ತೆಮನೆಯಲ್ಲೆಲ್ಲ ಹೇಳಿಕೊಂಡು ಬಂದೆ’ ಎಂದು ಬರೆದಿದ್ದೀ. ಅಮ್ಮಿ ಹೌದು ಹೌದೆಂದು ತಲೆಯಾಡಿಸುತ್ತಿದ್ದಳು. ನಾನು ಬೀಡಿ ತರುತ್ತೇನೆಂದು ಎದ್ದುಹೋದೆ. ಬೀಡಿ ಬಿಟ್ಟು ನಾಲ್ಕು ವರ್ಷವಾಗಿತ್ತು.

ಆವತ್ತು ನಡೆದದ್ದನ್ನು ಈಗ ನಡೆದ ಹಾಗೆ ಬರೆಯುತ್ತೇನೆ. ನೀನು ಅತ್ತೆಮನೆಯಲ್ಲಿ ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳಬೇಕಾಗಿ ಬಂದರೆ ಅದೂ ನನ್ನ ಪಾಪವೇ.

ಆ ಮನೆಗಾಡಿಯನ್ನು ನಾನು ಕೊಂಡದ್ದು ಹೋದ ಮಳೆಗಾಲಕ್ಕೆ ಮುಂಚೆ. ಎಸ್ಟೇಟಿನಿಂದ ರಿಟೈರಾದ ಮ್ಯಾನೇಜರೊಬ್ಬರು ಹೆಂಡತಿಯ ಜೊತೆ ದೇಶ ಸುತ್ತಬೇಕೆಂದು ಮೆಟಡೋರ್ ವ್ಯಾನಿನೊಳಗೆ ಮಂಚ, ಬೀರು, ಒಲೆ, ನೀರಿನ ಟ್ಯಾಂಕು ಎಲ್ಲ ಮಾಡಿಸಿದ್ದರು. ಆಕೆ ಹೊರಡುವ ಮೊದಲೇ ತೀರಿಹೋದರು. ಮ್ಯಾನೇಜರು ಗಾಡಿಯನ್ನು ಬಂದ ಬೆಲೆಗೆ ಕೊಟ್ಟರು. ನನ್ನದು ಮೊದಲಿನಿಂದಲೂ ಒಂದೇ ಲೆಕ್ಕ: ಹೊಸದರ ಹಾಗೆ ಇಟ್ಟುಕೊಂಡು ಒಳ್ಳೆಯ ಬೆಲೆಗೆ ಮಾರುವುದು. ಕೊಳ್ಳುವವರು ಯಾತ್ರೆಗೆ ಹೋಗುವ ಶೃಂಗೇರಿ ಕಡೆಯ ಭಟ್ಟರೇ ಆಗಿರುತ್ತಾರೆಂದು ಅಂದಾಜು ಮಾಡಿ ಆ ಒಲೆಯ ಮೇಲೆ ಒಂದು ಮೊಟ್ಟೆಯನ್ನೂ ಬೇಯಿಸಗೊಡಲಿಲ್ಲ. ಹಾಸಿಗೆಗೆ ದಪ್ಪ ಪ್ಲಾಸ್ಟಿಕ್ ಸುತ್ತಿ ಹೊಲಿಸಿದೆ. ಸಯೀದಾ ಒಂದು ದಿನ ಅದರ ಮೇಲೆ ಕುಳಿತು, ‘ಎಷ್ಟು ಮೆತ್ತಗಿದೆ ನೋಡಿ’ ಎಂದಳು. ಏಳು ಏಳು ಎಂದು ಎಬ್ಬಿಸಿ, ಅವಳು ಕೂತ ಜಾಗವನ್ನು ಅವಳ ಎದುರೇ ಒರೆಸಿದೆ. ಅವಳು ಮತ್ತೆ ಆ ಗಾಡಿ ಹತ್ತಲಿಲ್ಲ.

ನವೆಂಬರಿನಲ್ಲಿ ನರಸಿಂಹರಾಜಪುರದಲ್ಲಿ ಖಾಲಾಗೆ ಜ್ವರ ಬಂದು ಜೋರಾಯಿತು. ಸಯೀದಾ ಶುಶ್ರೂಷೆಗೆಂದು ಬಸ್ಸಿನಲ್ಲಿ ಮೊದಲೇ ಹೋಗಿದ್ದಳು. ಅಮ್ಮಿ ಹಟ ಹಿಡಿದಳು. “ನಂಗೆ ಇರೋದು ಒಬ್ಬಳೇ ತಂಗಿ. ಬಸ್ಸಿನಲ್ಲಿ ಕೂರ್ಲಿಕ್ಕೆ ಆಗೂದಿಲ್ಲ. ನಿನ್ನ ಗಾಡಿಯಲ್ಲಿ ಮಂಚ ಉಂಟಲ್ಲ ಮಗಾ” ಅಂದಳು. ಗಾಡಿಯ ಲೆಕ್ಕ ಹಾಕುತ್ತಲೇ ಆಯಿತೆಂದೆ.

ಡ್ರೈವರ್ ದೇವಪ್ಪನನ್ನು ಕರೆಸಿದೆ. ಕಿಲೋಮೀಟರು ಏರಬಾರದೆಂದು ಮೊದಲು ಅವನಿಂದ ಮೀಟರಿನ ಕೇಬಲ್ ಬಿಚ್ಚಿಸಿದೆ. ಆಮೇಲೆ ಮಂಚದ ಪಕ್ಕದಲ್ಲಿ, ಕೆಳಗೆ, ಎರಡು ಗೋಣಿ ಹಾಕಿ ಅದರ ಮೇಲೆ ಜಮಖಾನೆ ಹಾಸಿದೆ. ಸೊಂಟ ಮುರಿದ ಮೇಲೆ ಅಮ್ಮಿಗೆ ಕೆಲವು ಸಲ ತಡೆಯಲಾಗುವುದಿಲ್ಲ, ನಿನಗೆ ಗೊತ್ತಿದೆ. ಪ್ಲಾಸ್ಟಿಕ್ಕಿನ ಹೊಲಿಗೆಯೊಳಗೆ ಇಳಿದರೆ ವಾಸನೆ ಹೋಗುವುದಿಲ್ಲ ಎಂಬುದು ನನ್ನ ತಲೆಯಲ್ಲಿತ್ತು. ಬೇರೆ ಏನೂ ಇರಲಿಲ್ಲ, ಖುರ್ಷಿದಾ. ಬೇರೆ ಏನೂ ಇರಲಿಲ್ಲ.

ದೇವಪ್ಪ ನೋಡಿದವನು, “ಎಂತ ಸಾಬ್ರೆ, ಮಂಚ ಖಾಲಿ ಉಂಟಲ್ಲ ಮಾರಾಯ್ರೆ” ಅಂದ.

“ತಿರುವಿನಲ್ಲಿ ಉರುಳಿ ಬಿದ್ರೆ ಏನ್ ಮಾಡ್ತೀಯ?” ಅಂದೆ.

ಅವನು ಅಮ್ಮಿಯ ಮುಖ ನೋಡಿದ. ಅಮ್ಮಿ, “ನೆಲವೇ ಒಳ್ಳೇದು ದೇವಪ್ಪ, ನಂಗೆ ನೆಲವೇ ಅಭ್ಯಾಸ” ಅಂದಳು.

ನಾನು ಮುಂದೆ ಕೂತೆ. ಗುಂಡಿ ಬಂದಾಗಲೆಲ್ಲ ಹಿಂದಿನಿಂದ ಅವಳು “ಯಾ ಅಲ್ಲಾ” ಎನ್ನುವುದು ಕೇಳಿಸುತ್ತಿತ್ತು. ಕನ್ನಡಿಯಲ್ಲಿ ಮಂಚ ಕಾಣುತ್ತಿತ್ತು, ಅಮ್ಮಿ ಕಾಣುತ್ತಿರಲಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಖಾಲಾ ಮನೆ ಇನ್ನೊಂದು ಫರ್ಲಾಂಗ್ ಇರುವಾಗ ಗಾಡಿ ನಿಲ್ಲಿಸಿದೆ. ನೆಂಟರೆಲ್ಲ ಬಾಗಿಲಲ್ಲಿ ಕಾಯುತ್ತಿರುತ್ತಾರಲ್ಲ! ದೇವಪ್ಪನೂ ನಾನೂ ಸೇರಿ ಅಮ್ಮಿಯನ್ನು ಎತ್ತಿ ಮಂಚದ ಮೇಲೆ ಮಲಗಿಸಿದೆವು. ಗೋಣಿ, ಜಮಖಾನೆ ಸುತ್ತಿ ಸೀಟಿನ ಕೆಳಗೆ ತುರುಕಿದೆ. ಖಾಲಾ ಮಗ ನಿಜಾಮುದ್ದೀನ್ ಹಿಂದಿನ ಬಾಗಿಲು ತೆಗೆದು, “ಅರೇ, ದೊಡ್ಡಮ್ಮ ಸವಾರಿ ಬಂದ ಹಾಗೆ ಬಂದ್ರಲ್ಲ” ಎಂದು ಕೂಗಿದ. ಬೀದಿಯವರೆಲ್ಲ ಬಂದು ನೋಡಿದರು, ನನ್ನ ಬೆನ್ನು ತಟ್ಟಿದರು. ಆ ಹೊತ್ತು ನಾನೂ ನಗುತ್ತಿದ್ದೆ. ಸಂಜೆ ಸಯೀದಾಳನ್ನು ಅಲ್ಲೇ ಬಿಟ್ಟು ಹೊರಟೆವು. ಊರು ದಾಟಿದ ಮೇಲೆ ಅಮ್ಮಿ ತಾನಾಗಿಯೇ, “ಇಳಿಸು ಮಗಾ” ಅಂದಳು.

ಡಿಸೆಂಬರಿನಲ್ಲಿ ಗಿರಾಕಿ ಬಂದರು. ಅಡ್ಡಗದ್ದೆಯ ಉಮಾಮಹೇಶ್ವರ ಎಂಬವರು, ನನ್ನ ಅಂದಾಜಿನಂಥವರೇ. ಜೀಪಿನಲ್ಲಿ ದಿಂಬು ಒತ್ತಿಟ್ಟು ಅವರ ತಾಯಿ ಶೇಷಮ್ಮನವರನ್ನೂ ಕರೆತಂದಿದ್ದರು. ಜೊತೆಗೆ ತಿಮ್ಮಣ್ಣ ಎಂಬ ಮೆಕ್ಯಾನಿಕ್ಕು. ಗಾಡಿ ಅಂಗಳದಲ್ಲಿತ್ತು, ಅಮ್ಮಿ ಮನೆಯೊಳಗೆ ಕಿಟಕಿಯ ಹತ್ತಿರ ಮಲಗಿದ್ದಳು.

ನಾನು ಒಲೆ ತೋರಿಸಿದೆ, ಬೀರು ತೋರಿಸಿದೆ. ಪ್ಲಾಸ್ಟಿಕ್ ತಟ್ಟಿ, “ಇದರ ಮೇಲೆ ಇವತ್ತಿನವರೆಗೆ ಯಾರೂ ಮಲಗಿಲ್ಲ ಸ್ವಾಮಿ” ಎಂದೆ.

ಅವರಿಗೆ ಆಶ್ಚರ್ಯ. “ಯಾರೂ ಮಲಗದೆ ಎಂತಕ್ಕೆ ಇಟ್ಕೊಂಡಿದ್ರಿ?”

ಅಷ್ಟರಲ್ಲಿ ತಿಮ್ಮಣ್ಣ ಗಾಡಿಯಡಿಯಿಂದ ಎದ್ದು ಬಂದ. “ಮೀಟರ್ ಕೇಬಲ್ ಬಿಚ್ಚಿದ್ದಾರೆ. ಎಷ್ಟು ಸಾವಿರ ಓಡಿದ್ಯೋ ಯಾರಿಗ್ಗೊತ್ತು. ನಿಂತೂ ನಿಂತೂ ಟೈರು ಬೇರೆ ಬಿರುಕು ಬಿಟ್ಟಿದೆ” ಅಂದ. ನಲವತ್ತು ಕಿಲೋಮೀಟರು ಉಳಿಸಲು ಹೋಗಿ ನಲವತ್ತು ಸಾವಿರ ಓಡಿಸಿದ ಕಳ್ಳನಾದೆ. “ಇಲ್ಲ ಸ್ವಾಮಿ, ಓಡಿದ್ದು ಒಂದೇ ಸಲ. ನಮ್ಮಮ್ಮನಿಗೆ ಸೊಂಟ ಮುರಿದಿದೆ, ನರಸಿಂಹರಾಜಪುರಕ್ಕೆ ಕರ್ಕೊಂಡು ಹೋಗಿದ್ದೆ” ಎಂದುಬಿಟ್ಟೆ.

ಉಮಾಮಹೇಶ್ವರ ಮಂಚ ನೋಡಿದರು, ನನ್ನನ್ನು ನೋಡಿದರು. ಸಿಟ್ಟೇನೂ ಮಾಡಲಿಲ್ಲ, ಮೆಲ್ಲಗೆ ಕೇಳಿದರು: “ಸೊಂಟ ಮುರಿದವರು ಮಲಗದೆ ಹೆಂಗೆ ಹೋದ್ರು ಸಾಬ್ರೆ?”

ಆಗ ಒಳಗಿನಿಂದ ಅಮ್ಮಿಯ ಜೋರು ದನಿ ಬಂತು. “ನಾನು ಮಂಚದ ಮೇಲೇ ಮಲಗಿ ಹೋದದ್ದು! ಹೋಗ್ತಾನೂ ಮಂಚ, ಬರ್ತಾನೂ ಮಂಚ! ಅವನು ಯಾಪಾರಕ್ಕೆ ಸುಳ್ಳು ಹೇಳ್ತಾನೆ, ನೀವು ನಂಬಬೇಡಿ!”

ಅಂಗಳದಲ್ಲಿದ್ದವರೆಲ್ಲ ನಕ್ಕರು. ನನ್ನ ವ್ಯಾಪಾರ ಕೆಡಿಸಿ ಅವಳು ನನ್ನ ಮಾನ ಉಳಿಸಿದಳು. ದೇವಪ್ಪ ಅಲ್ಲೇ ಇದ್ದ. ಅವನೊಬ್ಬ ಮಾತ್ರ ನಗಲಿಲ್ಲ.

ಉಮಾಮಹೇಶ್ವರ ಜೇಬಿನಿಂದ ಚೂರಿ ತೆಗೆದು, “ಶೆಖೆ ಆಗ್ತದೆ ಅಮ್ಮನಿಗೆ” ಎನ್ನುತ್ತ ಪ್ಲಾಸ್ಟಿಕ್ ಹೊಲಿಗೆಯನ್ನು ಉದ್ದಕ್ಕೂ ಕೊಯ್ದರು. ರೇಟು ಇನ್ನೂ ಮಾತಾಡಿರಲಿಲ್ಲ. ತಾಯಿಯನ್ನು ಎತ್ತಿ ಮಲಗಿಸಿ, “ಕಾಶಿವರೆಗೆ ಆಗಬಹುದಾ ಅಮ್ಮ?” ಎಂದು ಕೇಳಿದರು. ಆ ತಾಯಿ ಕಣ್ಣು ಮುಚ್ಚಿಕೊಂಡು ಕಾಲು ಚಾಚಿದರು. ನಾನು ಅವರು ಹೇಳಿದ ಬೆಲೆಗೆ ಒಪ್ಪಿದೆ. ನಾನು ಕೊಟ್ಟದ್ದಕ್ಕಿಂತ ಕಮ್ಮಿಯೇ. ಚೌಕಾಸಿ ಮಾಡಲಿಲ್ಲ.

ಆವತ್ತಿನಿಂದ ಅಮ್ಮಿ ಬಂದವರಿಗೆಲ್ಲ ಮಂಚದ ಕಥೆ ಹೇಳುತ್ತಾಳೆ. ನಿನಗೂ ಸಯೀದಾಳ ಕೈಯಲ್ಲಿ ಬರೆಸಿದಳು. ಮಕ್ಕಳ ಪರೀಕ್ಷೆ ಮುಗಿಸಿ ನೀನು ಬಂದಾಗ ಮತ್ತೆ ಹೇಳುತ್ತಾಳೆ. ನಿಜ ಗೊತ್ತಿದೆ ಎಂದು ತೋರಿಸಿಕೊಳ್ಳಬೇಡ. ಹೂಂ ಅನ್ನು. ನನ್ನನ್ನು ಬೈಯುವುದಿದ್ದರೆ ಅಂಗಡಿಗೆ ಬಂದು ಬೈ.

ಅಲ್ಲಾಹನು ನಿನ್ನ ಮನೆಯನ್ನು ತಂಪಾಗಿಟ್ಟಿರಲಿ. ನಿನ್ನ ಮಕ್ಕಳು ನನ್ನಂಥವರಾಗದಿರಲಿ.

ಇಂತಿ ನಿನ್ನ ಅಣ್ಣ,
ಗುಲಾಮ್ ಹುಸೇನ್

ತಾ.ಕ.: ಕಾಗದ ಮಡಿಸಿದ ಮೇಲೆ ಮತ್ತೆ ಬಿಚ್ಚಿದೆ. ಇದನ್ನು ಬರೆಯದೆ ಕಳಿಸಿದರೆ ಅರ್ಧ ಸುಳ್ಳೇ ಆಗುತ್ತದೆ. ಅಮ್ಮಿ ಆಣೆ ಹಾಕಿಸಿದ್ದರಿಂದ ಸಯೀದಾ ಇಷ್ಟು ದಿನ ಬಚ್ಚಿಟ್ಟದ್ದನ್ನು ಹೋದ ವಾರ ಹೇಳಿದಳು. ಆವತ್ತು ಖಾಲಾ ಮನೆಯಲ್ಲಿ ಇಳಿದ ಕೂಡಲೇ ಅಮ್ಮಿ ಮೂರು ಚೊಂಬು ನೀರು ಒಂದೇ ಉಸಿರಿಗೆ ಕುಡಿದಳಂತೆ. ಏನಮ್ಮಿ ಇಷ್ಟು ಬಾಯಾರಿಕೆ ಎಂದು ಕೇಳಿದ್ದಕ್ಕೆ, “ನಿನ್ನೆ ಸಂಜೆಯಿಂದ ಕುಡಿದಿಲ್ಲ. ಅವನು ಗಾಡಿ ಮಾರೂದುಂಟು, ಒದ್ದೆಯಾದ್ರೆ ಬೆಲೆ ಬರೂದಿಲ್ಲ” ಅಂದಳಂತೆ. ಗಾಡಿ ಹೋಗಿ ಎರಡು ತಿಂಗಳಾಯಿತು. ಈಗ ನಾನೇ ನೀರು ತೆಗೆದುಕೊಂಡು ಹೋಗಿ ಕುಡಿಸುತ್ತೇನೆ. ಎರಡು ಗುಟುಕು ಕುಡಿದು ಲೋಟ ದೂಡುತ್ತಾಳೆ. “ಸಾಕು ಮಗಾ, ಈ ಹಾಸಿಗೆಯೂ ನಿನ್ನದೇ ಅಲ್ವಾ” ಅನ್ನುತ್ತಾಳೆ.