ಹಬ್ಬದ ಕಾರ್ಡಿನೊಳಗಿನ ಚುಕ್ಕಿ

ಪಾರೆಪಾರೆ,
ಲೆಬಾರನ್ ಹಬ್ಬ ಕಳೆದ ಆರನೇ ದಿನ

ಪ್ರೀತಿಯ ಲಸ್ತ್ರಿ ಅಕ್ಕ,

ಹಬ್ಬಕ್ಕೆ ನಿನ್ನ ಕಾಲಿಗೆ ಬೀಳಲು ಬರಲಾಗಲಿಲ್ಲ. ನನ್ನ ಒಳಗಿನ ಹೊರಗಿನ ತಪ್ಪುಗಳನ್ನೆಲ್ಲ ಕಾಗದದಲ್ಲೇ ಮನ್ನಿಸಿಬಿಡು. ಮಗಳು ಸೆಕಾರ್ ಚೆನ್ನಾಗಿದ್ದಾಳೆ, ಮುಂದಿನ ಹಲ್ಲು ಬಿದ್ದಿದೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆಯಲು ಕೈ ಬರುತ್ತಿಲ್ಲ. ನಾವಿರುವ ಊರು ಅವಳಪ್ಪನಿಗೆ ಗೊತ್ತಾಗಿಹೋಗಿದೆ, ಅಕ್ಕ.

ನಾನು ಕೆಲಸ ಮಾಡುವ ಹೊಲಿಗೆ ಅಂಗಡಿಯ ಒಡತಿ ತೆನ್ರಿ ಮೊದಲೇ ಎಚ್ಚರಿಸಿದ್ದಳು. ನನ್ನ ಇಮೇಲಿಗೆ ಚಪ್ಪಲಿ ಸೇಲು, ಲಾಟರಿ ಎಂದು ದಿನಾ ಕಸ ಬಂದು ಬೀಳುತ್ತಿತ್ತು. ಅದನ್ನು ನೋಡಿ, "ಏ ಹುಡುಗಿ, ಇದ್ರಲ್ಲಿ ಸಾಸಿವೆಗಿಂತ ಸಣ್ಣ ಚಿತ್ರ ಅಡಗಿಸಿರ್ತಾರೆ, ಕಣ್ಣಿಗೇ ಕಾಣಲ್ಲ. ನೀನು ತೆರೆದ ಕೂಡ್ಲೇ ಅದು ಕಳಿಸಿದೋನ ಹತ್ರ ಚಾಡಿ ಹೇಳುತ್ತೆ, ಎಷ್ಟೊತ್ತಿಗೆ ತೆರೆದೆ, ಯಾವೂರಲ್ಲಿದೀಯ ಅಂತ" ಎಂದು ಗದರಿದಳು. ಚಿತ್ರಗಳು ತಾವಾಗಿ ತೆರೆಯದಂತೆ ಫೋನಿನಲ್ಲಿ ಬಂದ್ ಮಾಡಿಯೂ ಕೊಟ್ಟಳು. ಆ ಇಮೇಲ್ ವಿಳಾಸವನ್ನೇ ಬಿಟ್ಟುಬಿಡೋಣವೆಂದರೆ ವಿಚ್ಛೇದನದ ನೋಟಿಸು ಬರುವುದೂ ಅಲ್ಲಿಗೇ.

ಎಂಟು ತಿಂಗಳು ಹಾಗೇ ಕಳೆಯಿತು. ಆಮೇಲೆ ಉಪವಾಸದ ತಿಂಗಳು ಮುಗಿದು ಹಬ್ಬ ಬಂತು. ನಮ್ಮ ಜನ ಗೊತ್ತಲ್ಲ, ಹಬ್ಬಕ್ಕೆ ಒಬ್ಬರನ್ನೊಬ್ಬರು ಕ್ಷಮೆ ಕೇಳುವುದನ್ನೂ ಚಿತ್ರದಲ್ಲೇ ಕಳಿಸುತ್ತಾರೆ. ನನಗೋ ಎಲ್ಲರ ಕಾರ್ಡೂ ಖಾಲಿ ಚೌಕ. ಆ ಗಡಿಬಿಡಿಯಲ್ಲಿ ಒಂದಕ್ಕೆ 'ಚಿತ್ರ ತೋರಿಸು' ಎಂದು ಒತ್ತಿಬಿಟ್ಟೆ. ಯಾರದೆಂದು ನೋಡಲಿಲ್ಲ.

ಮರುದಿನ ಸೆಕಾರಳ ಅಪ್ಪ ಹೆಂದಾರ್ತೊನಿಂದ ಒಂದೇ ಸಾಲು ಬಂತು. "ಪಾರೆಪಾರೆಯಲ್ಲಿ ಹಬ್ಬ ಜೋರಾ? ಮಗಳಿಗೆ ಹೊಸ ಬಟ್ಟೆ ಹೊಲಿದ್ಯಾ?"

ಪೊಲೀಸರ ಹತ್ತಿರವೂ ಹೋದೆ. ನಕ್ಕರು. "ಹಬ್ಬಕ್ಕೆ ಕಾರ್ಡು ಕಳಿಸೋದು ಅಪರಾಧಾನಾ ತಾಯಿ? ಹೆತ್ತ ಅಪ್ಪ, ಮಗಳ ಮೇಲೆ ಆಸೆ ಇರಲ್ವಾ?" ಎಂದರು. ಅವನು ಮುರಿದ ನನ್ನ ಮಣಿಕಟ್ಟು ಕೂಡಿಕೊಂಡು ವರ್ಷವಾಯಿತು, ಏನು ತೋರಿಸಲಿ? ಮಗಳನ್ನು ಎತ್ತಿಕೊಂಡು ಹೋಗುತ್ತೇನೆ ಎಂದು ಅವನು ಹೇಳಿದ್ದೂ ನನ್ನೊಬ್ಬಳ ಕಿವಿಗೆ.

ತೆನ್ರಿ ಈಗ ಬೈಯುವುದನ್ನೂ ಬಿಟ್ಟಿದ್ದಾಳೆ. ಅವನಿರುವ ಜಾವಾ ಕಡೆಯಿಂದ ಹಡಗು ಬರುವ ದಿನ ನಾನು ಸೆಕಾರಳನ್ನು ಶಾಲೆಗೆ ಕಳಿಸುತ್ತಿಲ್ಲ. ಇನ್ನೊಂದು ಊರಿಗೆ ಓಡಲು ನನ್ನಲ್ಲಿ ಶಕ್ತಿಯಿಲ್ಲ, ಇಲ್ಲಿರಲು ಧೈರ್ಯವಿಲ್ಲ. ಏನು ಮಾಡಲಿ ಹೇಳು. ಕಾಗದದಲ್ಲೇ ಬರೆ, ತೆನ್ರಿಯ ಹೆಸರಿಗೆ.

ದಾರಿ ಕಾಣದ ನಿನ್ನ ತಂಗಿ,
ನಿಂಗ್ರುಮ್

ತಾ.ಕ.: ಯಾರದೆಂದು ನೋಡಲಿಲ್ಲ ಎಂದು ಬರೆದದ್ದು ಸುಳ್ಳು. ಅವನ ಹೆಸರು ಓದಿಯೇ ಒತ್ತಿದೆ. ಹಬ್ಬದ ದಿನ ಕ್ಷಮೆ ಕೇಳಿ ಬಂದದ್ದನ್ನು ತೆರೆಯದೆ ಹೇಗಿರಲಿ? ಒಂದು ಸಲವಾದರೂ ಅವನು ಕೇಳಿರಬಹುದು ಅನ್ನಿಸಿತು. ಚಿತ್ರದಲ್ಲಿ ತೆಂಗಿನ ಗರಿಯಲ್ಲಿ ಹೆಣೆದ ಎರಡು ಕೆತುಪತ್ ಇದ್ದವು, ಹಬ್ಬದ ಅನ್ನದ ಪೊಟ್ಟಣಗಳು. ಒಂದಕ್ಷರವೂ ಇರಲಿಲ್ಲ, ಅಕ್ಕ.