ಕೂತು ತಿನ್ನುವ ತಿಂಡಿ

ಕಿದ್ವಾಯಿ ನಗರ, ನವದೆಹಲಿ
೧೨ ನವೆಂಬರ್ ೨೦೦೬, ಭಾನುವಾರ

ಪ್ರೀತಿಯ ಗಗನಾ,

ಹೇಗಿದ್ದೀಯಮ್ಮಾ? ಫೋನಿನಲ್ಲಿ ಕೇಳಿದರೆ ‘ಚೆನ್ನಾಗಿದ್ದೀನಿ ಅತ್ತೆ’ ಎಂಬುದು ಬಿಟ್ಟು ನಿನ್ನ ಬಾಯಿಂದ ಬೇರೆ ಮಾತು ಹೊರಡುವುದಿಲ್ಲ. ಅದಕ್ಕೇ ಈ ಕಾಗದ. ಕೆಮ್ಮು ಪೂರ್ತಿ ಹೋಯಿತೆ? ಆ ವಿಯೆನ್ನಾದಲ್ಲಿ ಬೆಳಗ್ಗೆ ಏಳಾದರೂ ಬೆಳಕು ಹರಿಯುವುದಿಲ್ಲ, ಒಂದು ಲೋಟ ಕಾಫಿ ಕುಡಿದು ಟ್ರಾಮಿಗೆ ಓಡುತ್ತೇನೆ, ತಿಂಡಿಗೆ ಟೈಮೇ ಇಲ್ಲ ಎಂದು ಇವತ್ತು ನಗುತ್ತಾ ಹೇಳಿದೆ. ನನಗೆ ನಗು ಬರಲಿಲ್ಲ. ಇಲ್ಲಿ ನಾವು ಮೂವರೂ ಆರಾಮ. ಅಮೂಲ್ಯಳ ಮುಂದಿನ ಹಲ್ಲು ಬಿದ್ದಿದೆ. ನಿನಗೆ ತೋರಿಸಲು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡಿದ್ದಾಳೆ.

ನಿನ್ನಿಂದ ಬಚ್ಚಿಟ್ಟ ಸಂಗತಿಯೊಂದಿದೆ. ಈಗೆಲ್ಲ ಸರಿಹೋಗಿದೆ, ಗಾಬರಿಯಾಗದೆ ಓದು. ಏಪ್ರಿಲ್‌ನಲ್ಲಿ ನೀನು ಕಚೇರಿಯ ಕೆಲಸದ ಮೇಲೆ ಅಲ್ಲಿಗೆ ಹೊರಟಾಗ, ಒಂದು ವರ್ಷ ತಾನೇ, ಅಡುಗೆಮನೆ ನನಗೇನು ಹೊಸದೇ ಎಂದು ಜಂಭ ಕೊಚ್ಚಿಕೊಂಡೆನಲ್ಲ, ಮಾರನೆಯ ದಿನದಿಂದಲೇ ನಿನ್ನ ಬೆಳಗನ್ನು ನಾನು ಹೊತ್ತುಕೊಂಡೆ. ನಾಲ್ಕೂವರೆಗೆ ಎದ್ದು ಸ್ನಾನ, ಐದಕ್ಕೆ ನಲ್ಲಿಯಲ್ಲಿ ನೀರು ಬಂದೊಡನೆ ಬಕೆಟ್ಟು ಡ್ರಮ್ಮು ತುಂಬುವುದು, ಹಾಲು, ಚಪಾತಿ, ಪಲ್ಯ, ಸಾರು, ಡಬ್ಬಿ, ಮಗುವಿನ ಜಡೆ, ಸ್ಕೂಲ್ ಬಸ್ಸು. ನೀನು ಕಚೇರಿಗೂ ಹೋಗುತ್ತಿದ್ದೆ, ನನಗೆ ಅದೂ ಇರಲಿಲ್ಲ. ಆದರೂ ಇಪ್ಪತ್ತೆರಡನೆಯ ದಿನ ಒಲೆಯ ಮುಂದೆ ಕಣ್ಣು ಕತ್ತಲೆ ಬಂದು ಕುಸಿದುಬಿಟ್ಟೆ. ‘ಪಪ್ಪಾ, ಅಜ್ಜಿ ಗಿರ್ ಗಯೀ!’ ಎಂದು ಅಮೂಲ್ಯ ಚೀರಿದ್ದಕ್ಕೆ ಕಾರ್ತಿಕ ಬಾಯಲ್ಲಿ ಬ್ರಷ್ಷು ಕಚ್ಚಿಕೊಂಡೇ ಓಡಿಬಂದ.

ಡಿಸ್ಪೆನ್ಸರಿಯ ಡಾಕ್ಟರಮ್ಮ ರಕ್ತದೊತ್ತಡ ನೋಡಿ, ‘ಮಾತಾಜಿ, ಬೆಳಗ್ಗೆ ಏನು ತಿಂದಿರಿ?’ ಎಂದು ಹಿಂದಿಯಲ್ಲಿ ಕೇಳಿದರು. ಕಾಫಿ ಎಂದೆ. ಎಷ್ಟು ದಿನದಿಂದ ಹೀಗೆ ಎಂದರು. ಸೊಸೆ ಪರದೇಶಕ್ಕೆ ಹೋದಾಗಿನಿಂದ, ಅವಳ ಕೆಲಸವೆಲ್ಲ ನನ್ನ ಮೇಲೆ ಬಿದ್ದಿದೆ ಎಂದು ಸ್ವಲ್ಪ ದೂರಿನ ದನಿಯಲ್ಲೇ ಹೇಳಿದೆ. ಆಕೆ ಬರೆಯುವುದನ್ನು ನಿಲ್ಲಿಸಿ, ‘ಔರ್ ಬಹೂ ಕ್ಯಾ ಖಾತೀ ಥೀ?’ ಎಂದರು. ಸೊಸೆ ಏನು ತಿನ್ನುತ್ತಿದ್ದಳು?

ಗಗನಾ, ಒಂಬತ್ತು ವರ್ಷ ಒಂದೇ ಸೂರಿನಡಿ ಇದ್ದೇವೆ. ನೀನು ಚಾರ್ಟರ್ಡ್ ಬಸ್ಸಿನ ಹಾರ್ನು ಕೇಳಿ ಚಪಾತಿ ಸುರುಳಿ ಸುತ್ತಿಕೊಂಡು ಮೆಟ್ಟಿಲಿಳಿಯುತ್ತಿದ್ದುದು ಕಣ್ಣಿಗೆ ಬಂತು. ಕೂತು ತಿಂದಿದ್ದು ಎಷ್ಟು ನೆನೆದರೂ ಬರಲಿಲ್ಲ. ಜನವರಿಯ ಕೊರೆಯುವ ಚಳಿಯಲ್ಲೂ ಸ್ನಾನವಾಗದೆ ಒಲೆ ಮುಟ್ಟಕೂಡದೆಂದು ಕಟ್ಟು ಹಾಕಿದವಳು ನಾನೇ. ನನ್ನ ಅತ್ತೆ ನನಗೆ ಹಾಕಿದ್ದರು, ನಾನು ಯೋಚಿಸದೆ ನಿನಗೆ ದಾಟಿಸಿದೆ.

ಆಮೇಲೆ ಪಕ್ಕದ ಮನೆಯ ಕೊಡಗಿನ ಚಿಣ್ಣಮ್ಮ ಬೆಳಗಿನ ನಡಿಗೆಗೆ ಬನ್ನಿ ಎಂದು ನನ್ನನ್ನು ಬಿಡಲಿಲ್ಲ. ಆಕೆಯ ಯಜಮಾನರು ಸೈನ್ಯದಲ್ಲಿದ್ದವರು, ಶಿಸ್ತು ಈಕೆಗೆ ಬಂದಿದೆ. ಸೀರೆಯ ಮೇಲೆ ಬೂಟು ಹಾಕಿಕೊಂಡರೆ ಜನ ನಗುವುದಿಲ್ಲವೇ ಅಂದರೆ, ‘ನಗಲಿ ಲೀಲಮ್ಮ, ಅವರಿಗೂ ವ್ಯಾಯಾಮ’ ಎಂದು ಸರೋಜಿನಿ ನಗರದ ಮಾರ್ಕೆಟ್ಟಿಗೆ ಎಳೆದುಕೊಂಡು ಹೋಗಿ ಕ್ಯಾನ್ವಾಸ್ ಬೂಟು ಕೊಡಿಸಿಯೇಬಿಟ್ಟರು. ಈಗ ಆರಕ್ಕೆ ಪಾರ್ಕಿನಲ್ಲಿ ನಾಲ್ಕು ಸುತ್ತು. ಹಿಟ್ಟು ಕಲಸುವುದು, ನೀರು ತುಂಬುವುದು ನಿನ್ನ ಗಂಡನ ಪಾಲು. ಮೊದಲ ವಾರದ ಚಪಾತಿಗಳನ್ನು ನೀನು ನೋಡಬೇಕಿತ್ತು, ಒಂದಕ್ಕೂ ಗುಂಡಗಾಗುವ ಆಸೆ ಇರಲಿಲ್ಲ! ಅಮೂಲ್ಯಳ ಕೂದಲು ಕತ್ತರಿಸಿಯಾಯಿತು, ಜಡೆಯ ಕೆಲಸ ಮುಗಿಯಿತು. ಆರೂಮುಕ್ಕಾಲಿಗೆ ಮೂವರೂ ಕೂತು ತಿನ್ನುತ್ತೇವೆ, ಕಾರ್ತಿಕನ ಪೇಪರು ಮಡಿಚಿಟ್ಟು.

ಅದಕ್ಕೇ ನಿನಗೂ ಹೇಳುತ್ತೇನೆ. ಕಾರ್ತಿಕನ ಕಚೇರಿಯ ಇಂದುಶೇಖರ ಮುಂದಿನ ವಾರ ಆ ಕಡೆ ಬರುತ್ತಾರಂತೆ, ಅವರ ಕೈಲಿ ರಾಗಿ ಹುರಿಹಿಟ್ಟು ಕಳಿಸುತ್ತಿದ್ದೇನೆ. ಹಾಲಿಗೆ ಕಲಸಿದರೆ ಎರಡು ನಿಮಿಷ, ಒಲೆಯೂ ಬೇಡ. ರಾತ್ರಿ ಮಲಗುವಾಗ ಒಂದು ಹಿಡಿ ಹೆಸರುಕಾಳು ನೆನೆಹಾಕು. ಎದ್ದೊಡನೆ ಬಿಸಿನೀರು ಕುಡಿ, ಕಾಫಿ ಆಮೇಲೆ. ಮಂಜು ಬೀಳದ ದಿನ ಒಂದು ಸ್ಟಾಪು ನಡೆದುಕೊಂಡು ಹೋಗಿ ಟ್ರಾಮು ಹಿಡಿ. ಮತ್ತೆ, ಹತ್ತು ನಿಮಿಷ ಕುರ್ಚಿಯ ಮೇಲೆ ಕೂತು ತಿನ್ನು, ಬೇರೆ ಯಾವುದನ್ನು ಬಿಟ್ಟರೂ ಇದೊಂದನ್ನು ಬಿಡಬೇಡ. ಸ್ನಾನ ಯಾವಾಗ ಮಾಡುತ್ತೀಯೋ ನಾನು ಕೇಳುವುದಿಲ್ಲ, ಅಲ್ಲೂ, ಇಲ್ಲೂ.

ದೇವರು ನಿನ್ನನ್ನು ಗಟ್ಟಿಮುಟ್ಟಾಗಿ ಇಟ್ಟಿರಲಿ. ಅಮೂಲ್ಯ ಮುತ್ತು ಕಳಿಸಿದ್ದಾಳೆ. ಕಾರ್ತಿಕ ತಾನೇ ಬರೆಯುತ್ತಾನಂತೆ, ನನಗೆ ನಂಬಿಕೆಯಿಲ್ಲ.

ನಿನ್ನ ಅತ್ತೆ,
ಲೀಲಮ್ಮ

ಮರೆತ ಮಾತು: ಸೋಮವಾರ ಬೆಳಗ್ಗೆ, ಕವರು ಅಂಟಿಸುವ ಮೊದಲು ಬರೆಯುತ್ತಿದ್ದೇನೆ. ಈಗ ತಿಂಡಿ ತಿನ್ನುವಾಗ ಕಾರ್ತಿಕನ ಬಾಯಿಂದ ಜಾರಿತು. ನಿನ್ನನ್ನು ಇನ್ನೆರಡು ವರ್ಷ ಅಲ್ಲೇ ಇರಿ ಎಂದು ಮೇಲಿನವರು ಕೇಳಿದ್ದಾರಂತೆ, ಬಡ್ತಿಯೂ ಇದೆಯಂತೆ. ‘ಅತ್ತೆಗೆ ಕಷ್ಟ’ ಎಂದು ನೀನು ಬೇಡವೆನ್ನಲಿದ್ದೀಯಂತೆ. ಇಪ್ಪತ್ತನೇ ತಾರೀಖಿಗೆ ಉತ್ತರ ಕೊಡಬೇಕಂತೆ. ಬೇಸಿಗೆ ರಜಕ್ಕೆ ಅಮೂಲ್ಯಳನ್ನು ನಾನೇ ಕರೆತರುತ್ತೇನೆ. ಪಾಸ್‌ಪೋರ್ಟ್ ಫಾರಂ ತರಲು ಕಾರ್ತಿಕನಿಗೆ ಹೇಳಿಯಾಗಿದೆ. ಸ್ಪೀಡ್ ಪೋಸ್ಟಿನಲ್ಲೂ ಇದು ತಡವಾದೀತೆಂದು ಸಂಜೆ ಫೋನೂ ಮಾಡುತ್ತೇನೆ. ಆದರೆ ಫೋನಿನಲ್ಲಿ ನನಗೆ ಅಳು ಬಂದರೆ ನೀನು ತಪ್ಪು ತಿಳಿಯುತ್ತೀ, ಅದಕ್ಕೆ ಬರೆದಿಡುತ್ತಿದ್ದೇನೆ. ನನ್ನ ಕಷ್ಟದ ಹೆಸರು ಹೇಳಿ ಬೇಡವೆನ್ನಬೇಡ. ಒಪ್ಪಿಕೋ.