ದೃಷ್ಟಾಂತದ ಮೂಲ

ಪಾಸ್ಟರ್ ಮನೆಯ ಓದುವ ಕೋಣೆ,
ಶನಿವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ನಿನಗೆ ಬೆನ್ನುನೋವು ಶುರುವಾಗಿದೆ, ಕೂತು ಏಳುವುದಕ್ಕೂ ಮೇಜು ಹಿಡಿಯುತ್ತೀಯ ಎಂದು ಚಿಕ್ಕಮ್ಮ ಹೇಳಿದರು. ಔಷಧಿ ತೆಗೆದುಕೊಳ್ಳುತ್ತಿದ್ದೀಯ ತಾನೆ? ಊರಿಗೆಲ್ಲ ಬುದ್ಧಿ ಹೇಳುವುದರಲ್ಲಿ ನೀನು ಮುಂದು, ಮಾತ್ರೆ ನುಂಗುವುದರಲ್ಲಿ ಹಿಂದು. ಅಮ್ಮ ಚೆನ್ನಾಗಿದ್ದಾಳೆ ಎಂದು ಬರೆದರೆ ಸುಳ್ಳಾಗುತ್ತದೆ, ಚೆನ್ನಾಗಿಲ್ಲ ಎಂದು ಬರೆದರೆ ನಿನ್ನನ್ನು ಹೆದರಿಸಿದಂತಾಗುತ್ತದೆ. ಊಟ ಮಾಡುತ್ತಾಳೆ, ನಿದ್ದೆ ಮಾಡುತ್ತಾಳೆ. ಆದರೆ ಅಪ್ಪ ಹೋಗಿ ಮೂರು ತಿಂಗಳಾದರೂ ಬಾಗಿಲು ತಟ್ಟಿದವರಿಗೆ "ಅವರು ಓದ್ತಾ ಇದ್ದಾರೆ, ಆಮೇಲೆ ಬನ್ನಿ" ಎಂದುಬಿಡುತ್ತಾಳೆ. ಅಪ್ಪನ ಮಣ್ಣಿಗೂ ನೀನು ಬರಲಿಲ್ಲ. ಅದಕ್ಕೆ ನಾನು ಬೈಯುವುದಿಲ್ಲ. ಬೈಯುವ ಬಾಯಿ ನನಗೆಲ್ಲಿದೆ.

ಸಭೆಯ ಸಮಿತಿಯವರು ಅಪ್ಪನ ಜಾಗಕ್ಕೆ ನನ್ನನ್ನೇ ನೇಮಿಸಿದ್ದಾರೆ. ಇಷ್ಟು ವರ್ಷ ಸಹಾಯಕನಾಗಿ ಸಂಜೆ ಆರಾಧನೆಯಲ್ಲಿ ಹತ್ತಿಪ್ಪತ್ತು ಜನರಿಗೆ ಪ್ರಸಂಗ ಮಾಡಿಕೊಂಡಿದ್ದವನು ನಾಳೆ ಬೆಳಗ್ಗೆ ತುಂಬಿದ ಸಭೆಯ ಮುಂದೆ ಪೀಠ ಹತ್ತಬೇಕು. ಬೈಬಲಿನ ವಾಕ್ಯ ಆರಿಸಿಯಾಯಿತು, ಮೂರು ಭಾಗ ಮಾಡಿಯಾಯಿತು, ಆದರೆ ಗಟ್ಟಿಯಾಗಿ ಓದಿ ನೋಡಲು ಭಯ. ಯಾಕೆ ಗೊತ್ತಾ? ನನ್ನ ಬಾಯಿಂದ ಬರುವುದು ಅಪ್ಪನ ಧ್ವನಿ. ಅದೇ ಎಳೆತ, ಮುಖ್ಯ ಮಾತಿಗೆ ಮುಂಚೆ ಅದೇ ಕೆಮ್ಮು. ಮೊನ್ನೆ ಈ ಕೋಣೆಯಲ್ಲಿ ಓಡಾಡುತ್ತಾ ಓದುತ್ತಿದ್ದೆ. ಅಮ್ಮ ಬಿಸಿನೀರಿನ ಲೋಟ ಹಿಡಿದು ಒಳಗೆ ಬಂದಳು, ಅಪ್ಪನಿಗೆ ತರುತ್ತಿದ್ದ ಹಾಗೆಯೇ. ನನ್ನ ಮುಖ ನೋಡಿದಳು. ಆಮೇಲೆ ಲೋಟ ಮೇಜಿನ ಮೇಲಿಟ್ಟು ಹೋದಳು. ಆ ನೀರು ಕುಡಿಯಲು ನನಗೆ ಮನಸ್ಸಾಗಲಿಲ್ಲ.

ಸೋಮವಾರದಿಂದ ಅಪ್ಪನ ಪ್ರಸಂಗದ ಪುಸ್ತಕಗಳನ್ನು ತೆಗೆದು ಕೂತಿದ್ದೇನೆ. ಮೂವತ್ತೊಂದು ಪುಸ್ತಕ. ಅವರ ಕ್ರಮ ನಿನಗೂ ನೆನಪಿರಬೇಕು. ಎಡಗಡೆಯ ಅಂಚಿನಲ್ಲಿ ಪ್ರಸಂಗ ಮಾಡಿದ ತಾರೀಖು ಮತ್ತು ಸಭೆ, ಒಮ್ಮೆ ಬಡಿಸಿದ್ದನ್ನೇ ಅದೇ ಜನಕ್ಕೆ ಮತ್ತೆ ಬಡಿಸಬಾರದೆಂದು. ಬಲಗಡೆ ಕೆಂಪು ಶಾಯಿಯಲ್ಲಿ ಪ್ರತಿ ದೃಷ್ಟಾಂತದ ಮೂಲ. "ಬಸ್ಸಿನಲ್ಲಿ ಕೇಳಿದ್ದು." "ಡಾಕ್ಟರಮ್ಮ ಹೇಳಿದ್ದು, ಒಪ್ಪಿಗೆ ಕೊಟ್ಟಿದ್ದಾರೆ." "ಕಾವಲುಗಾರನ ಅನುಭವ, ಹೆಂಡತಿಯ ವಿಷಯ ಬೇಡ ಅಂದಿದ್ದಾನೆ." ಇನ್ನೊಬ್ಬರ ಮನೆಯ ಮಾತನ್ನು ಪೀಠಕ್ಕೆ ತರುವ ಮುಂಚೆ ಅವರ ಬಾಗಿಲು ತಟ್ಟಬೇಕು ಎಂದು ನನಗೆ ಎಷ್ಟು ಸಲ ಹೇಳಿದ್ದರೋ. ಹಾಗೆ ಹೇಳಿದವರೇ ನಿನಗೆ ಹಾಗೆ ಮಾಡಿದರಲ್ಲ ಎಂದು ನೀನು ಹನ್ನೆರಡು ವರ್ಷ ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡಿದ್ದೀಯ.

ಆ ಭಾನುವಾರ ನನ್ನನ್ನು ಬಿಟ್ಟಿಲ್ಲ. ನಿನ್ನ ಮಗುವನ್ನು ಮಣ್ಣು ಮಾಡಿ ಎರಡು ತಿಂಗಳಾಗಿತ್ತು. ನೀನು ಇಲ್ಲಿಗೆ ಬಂದಿದ್ದೆ, ಯಾರೊಂದಿಗೂ ಮಾತಿಲ್ಲ. ಚರ್ಚಿನ ಬಾಗಿಲ ಬಳಿಯ ಪ್ರಾರ್ಥನೆಯ ಪೆಟ್ಟಿಗೆಗೆ ಹೆಸರಿಲ್ಲದ ಒಂದು ಚೀಟಿ ಹಾಕಿದೆ. ಆ ಪೆಟ್ಟಿಗೆಯ ಚೀಟಿಯನ್ನು ಪಾಸ್ಟರ್ ಒಬ್ಬರೇ ಓದುತ್ತಾರೆ, ಓದಿ ಪ್ರಾರ್ಥಿಸಿ ಸುಡುತ್ತಾರೆ ಎಂದು ನಂಬಿ ಹಾಕಿದೆ. ಭಾನುವಾರ ಪ್ರಸಂಗದ ಮೂರನೇ ಭಾಗದಲ್ಲಿ ಅಪ್ಪ ಕೆಮ್ಮಿ, "ಒಬ್ಬ ತಾಯಿ ಹೀಗೆ ಹೇಳಿದಳು" ಎಂದು ನಿನ್ನ ಮಾತನ್ನೇ ಹೇಳಿದರು. "ಮಗು ಹೋದ ಮೇಲೆ ಪ್ರಾರ್ಥನೆಗೆ ಕೂತರೆ ಗೋಡೆ ಜೊತೆ ಮಾತಾಡಿದ ಹಾಗಾಗುತ್ತೆ. ಗೋಡೆಗಾದ್ರೂ ಆ ಕಡೆ ಒಂದು ಕೋಣೆ ಇರುತ್ತೆ." ಸಭೆಯಲ್ಲಿ ಅಳದವರಿಲ್ಲ. ನೀನು ಎದ್ದು ನಡುವಿನ ದಾರಿಯಲ್ಲಿ ನಡೆದು ಹೋದೆ. ಕೊನೆಯ ಹಾಡು ಮುಗಿಯುವಷ್ಟರಲ್ಲಿ ನಿನ್ನ ಚೀಲ ಕಟ್ಟಿಯಾಗಿತ್ತು. "ಸ್ವಂತ ಮಗಳ ಕಣ್ಣೀರನ್ನೂ ಪ್ರಸಂಗಕ್ಕೆ ಹಾಕ್ಕೊಂಡ್ರಲ್ಲಮ್ಮ" ಎಂದು ಅಮ್ಮನಿಗೆ ಹೇಳಿ ಹೋದವಳು ಇವತ್ತಿಗೂ ತಿರುಗಿ ಬಂದಿಲ್ಲ.

ಈಗ ಖಾಲಿ ಚರ್ಚಿನಲ್ಲಿ ಅಭ್ಯಾಸ ಮಾಡುವಾಗಲೂ ಮೂರನೇ ಭಾಗ ಬಂದರೆ ಸಾಕು, ಯಾರೋ ಎದ್ದು ನಡೆದು ಹೋಗುವ ಸದ್ದು ಕೇಳುತ್ತದೆ. ನಿಲ್ಲಿಸಿದರೆ ಅದೂ ನಿಲ್ಲುತ್ತದೆ. ಹನ್ನೆರಡು ವರ್ಷದಿಂದ ನನ್ನ ಯಾವ ಪ್ರಸಂಗದಲ್ಲೂ ದೃಷ್ಟಾಂತ ಇಲ್ಲ. "ನಿಮ್ಮ ಪ್ರಸಂಗ ಉಪ್ಪಿಲ್ಲದ ಅಡುಗೆ ಇದ್ದ ಹಾಗೆ, ಆರೋಗ್ಯಕ್ಕೆ ಒಳ್ಳೆಯದು" ಎಂದು ಹಾಡಿನ ತಂಡದ ಮೇಷ್ಟ್ರು ತಮಾಷೆ ಮಾಡುತ್ತಾರೆ. ನಾನೂ ನಗುತ್ತೇನೆ.

ನಿನ್ನೆ ಆ ಪ್ರಸಂಗ ಸಿಕ್ಕಿತು. ಎಡಗಡೆ ಒಂದೇ ತಾರೀಖು. ಬಲಗಡೆ ಕೆಂಪು ಶಾಯಿಯಲ್ಲಿ ಒಂದೇ ಪದ: "ನಾನು." ಮೂವತ್ತೊಂದು ಪುಸ್ತಕದಲ್ಲಿ ಬೇರೆಲ್ಲೂ ಅವರು ಹಾಗೆ ಬರೆದಿಲ್ಲ. ಅಪ್ಪನನ್ನು ಕ್ಷಮಿಸಿಬಿಡು ಅಕ್ಕಾ. ಒಂದು ವಾರದ ಮಟ್ಟಿಗಾದರೂ ಬಾ. ಪ್ರಾರ್ಥನೆ ಮಾಡು ಎಂದು ಯಾರೂ ಹೇಳುವುದಿಲ್ಲ, ಚರ್ಚಿಗೆ ಕರೆಯುವುದೂ ಇಲ್ಲ. ಅಮ್ಮನ ಪಕ್ಕ ಸುಮ್ಮನೆ ಕೂತಿದ್ದು ಹೋಗು.

ಚಿಕ್ಕಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಭಾರ ಎತ್ತಬೇಡ. ದೇವರು ನಿನ್ನನ್ನು ಕಾಯಲಿ ಎಂದು ಬರೆಯಲು ಕೈ ಹೋಯಿತು. ನಿನಗೆ ಬೇಡದಿದ್ದರೆ ಅದನ್ನು ತಮ್ಮನ ಹಾರೈಕೆ ಎಂದಷ್ಟೇ ಓದಿಕೊ.

ನಿನ್ನ ತಮ್ಮ,
ನೀನು ಕರೆಯುತ್ತಿದ್ದ ಬಾಯಿಬಡುಕ

ಮತ್ತೆ: ಲಕೋಟೆ ಅಂಟಿಸಿ, ಕಿತ್ತು, ಇದನ್ನು ಬರೆಯುತ್ತಿದ್ದೇನೆ. ನಿನ್ನ ಚೀಟಿಯನ್ನು ಅಪ್ಪ ನೋಡಿಯೇ ಇರಲಿಲ್ಲ. ಆ ವಾರ ಅವರಿಗೆ ಜ್ವರ, ಪೆಟ್ಟಿಗೆ ತೆಗೆದವನು ನಾನು. ಪಾಸ್ಟರ್ ಓದಿಗೆ ಸೇರಿದ್ದ ಸೆಮಿನರಿಯಿಂದ ರಜಕ್ಕೆ ಬಂದಿದ್ದೆನಲ್ಲ. ಮೂರನೇ ಭಾಗಕ್ಕೆ ದೃಷ್ಟಾಂತ ಸಿಗುತ್ತಿಲ್ಲ ಎಂದು ಅವರು ಶನಿವಾರ ಒದ್ದಾಡುತ್ತಿದ್ದಾಗ ನಿನ್ನ ಮಾತನ್ನು ಬೇರೆ ಹಾಳೆಗೆ ಇಳಿಸಿ, ಯಾರೋ ಹೇಳಿದ್ದು ಎಂದು ಕೈಗೆ ಕೊಟ್ಟೆ. ಅಕ್ಷರ ನಿನ್ನದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಕೊಟ್ಟೆ ಅಕ್ಕಾ. ಅಂಥ ಮಾತು ವರ್ಷಗಟ್ಟಲೆ ಹುಡುಕಿದರೂ ಸಿಗುವುದಿಲ್ಲ, ಅದಕ್ಕೆ. ನೀನು ಹೋದ ಮೇಲೆ ಪೀಠದ ಹಿಂದಿನ ಕೋಣೆಯಲ್ಲಿ ಅಪ್ಪ ನನಗೆ ಒಂದೇ ಮಾತು ಹೇಳಿದರು: "ಅವರ ಬಾಗಿಲು ತಟ್ಟಿದೆಯಾ ಅಂತ ನಾನು ನಿನ್ನನ್ನ ಕೇಳಬೇಕಿತ್ತು ಕಣೋ." ಆಮೇಲೆ ಸಾಯುವ ತನಕ ಆ ಮಾತು ಎತ್ತಲಿಲ್ಲ, ನಿನಗೂ ಹೇಳಲಿಲ್ಲ. ನಾಳೆ ಪೀಠದಿಂದಲೇ ಎಲ್ಲರ ಮುಂದೆ ಒಪ್ಪಿಕೊಳ್ಳೋಣ ಎಂದು ಇವತ್ತು ಬೆಳಗ್ಗೆ ಬರೆಯಲು ಕೂತೆ. "ಒಂದು ಮನೆಯಲ್ಲಿ ಒಬ್ಬ ಅಕ್ಕ ಇದ್ದಳು" ಎಂದು ಶುರುವಾಯಿತು. ಬಹಳ ಚೆನ್ನಾಗಿ ಬಂದಿತ್ತು. ಅದಕ್ಕೇ ಹೆದರಿ ಹರಿದು ಹಾಕಿದೆ.